ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ

(ಹೆತ್ತವರು ಮತ್ತು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಲಾಗಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಕಾರ್ಯಕ್ರಮದ ಆಮಂತ್ರಣ ಪತ್ರದಲ್ಲಿ ನನ್ನ ಹೆಸರಿನ ಕೆಳಗೆ ಕಂಪ್ಯೂಟರ್ ತಜ್ಞ ಎಂದು ಅಚ್ಚಾಗಿದೆ. ಸಂಘಟಕರ ಪ್ರೀತಿಗೆ ಕೃತಜ್ಞತೆಗಳು. ಆದರೆ ನಾನು ಮದ್ರಸದಲ್ಲಿ ಅರಬಿ ವ್ಯಾಕರಣವನ್ನೂ ಕಾಲೇಜಿನಲ್ಲಿ ಇತಿಹಾಸವನ್ನೂ ಓದಿ ಪತ್ರಿಕೆಯ ಕೆಲಸಕ್ಕೆ ಬಂದವನು. ಪ್ರೋಗ್ರಾಮ್‌ನ ಒಂದು ಸಾಲು ಬರೆಯಲೂ ನನಗೆ ಬಾರದು. ಬಡಗಿಗೆ ಉಳಿ ಹೇಗೋ ನನಗೆ ಕಂಪ್ಯೂಟರ್ ಹಾಗೆ. ಕೆಲವು ವರ್ಷಗಳಿಂದ ನಮ್ಮ ಮನೆಯ ಎರಡೂ ಕಂಪ್ಯೂಟರ್‌ಗಳು ಲಿನಕ್ಸ್‌ನಲ್ಲಿ ನಡೆಯುತ್ತಿವೆ. ಆದ್ದರಿಂದ ಇಂದು ನೀವು ಕೇಳಲಿರುವುದು ತಜ್ಞನ ಮಾತನ್ನಲ್ಲ, ಬಳಕೆದಾರನ ಮಾತನ್ನು.

ಈ ವಿಷಯವನ್ನು ಹೆತ್ತವರ ಮುಂದೆ ಇಡಬೇಕಾದ ಅಗತ್ಯವೇನು? 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಅಂದರೆ, ಆ ಬಳಿಕ ಅದರಲ್ಲಿ ಹೊಸ ಬಿರುಕು ಕಾಣಿಸಿಕೊಂಡರೆ ಮುಚ್ಚುವ ಹೊಣೆ ಕಂಪೆನಿಗಿಲ್ಲ. ನೋಂದಾಯಿಸಿಕೊಳ್ಳುವ ಮನೆಬಳಕೆದಾರರಿಗೆ 2026ರ ಅಕ್ಟೋಬರ್ ತನಕ ಒಂದು ವರ್ಷದ ವಿಸ್ತರಣೆಯನ್ನು ಅದು ಘೋಷಿಸಿತು, ಅಷ್ಟೇ. ಹಾಗಾದರೆ ವಿಂಡೋಸ್ 11ಕ್ಕೆ ಹೋಗೋಣ ಎಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಪ್ರೊಸೆಸರ್ ಇಂಟೆಲ್‌ನದ್ದಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದ್ದೋ ಅದರ ಮೇಲಿನದ್ದೋ ಆಗಿರಬೇಕು. ಆ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರ ಉತ್ತರಾರ್ಧದಲ್ಲಿ. ಅದಕ್ಕಿಂತ ಹಿಂದಿನ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಪಟ್ಟಿಯಿಂದ ಹೊರಗೆ.

ಈಗ ನಮ್ಮ ಮನೆಗಳ ಕಡೆ ನೋಡಿ. 2020ರ ಲಾಕ್‌ಡೌನ್ ಕಾಲದಲ್ಲಿ ಮಕ್ಕಳ ಆನ್‌ಲೈನ್ ತರಗತಿಗಾಗಿ ಬಳೆ ಅಡವಿಟ್ಟು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದ ಮನೆಗಳು ಈ ಸಭಾಂಗಣದಲ್ಲೇ ಇವೆ. ಗಲ್ಫ್‌ನಿಂದ ಮರಳುವಾಗ ಅಣ್ಣ ತಂದುಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ತಂಗಿಯಂದಿರು ಒಬ್ಬರ ನಂತರ ಒಬ್ಬರು ಪದವಿ ಮುಗಿಸಿದ ಮನೆಗಳಿವೆ. ಪರದೆ ಸರಿಯಿದೆ, ಕೀಲಿಮಣೆ ಸರಿಯಿದೆ, ಯಂತ್ರ ಚಾಲೂ ಆಗುತ್ತದೆ. ಆದರೂ ಅದು ಸತ್ತಿದೆ ಎಂದು ಇನ್ನೊಂದು ದೇಶದ ಕಚೇರಿಯಲ್ಲಿ ತೀರ್ಮಾನವಾಗುತ್ತದೆ!

ನಮ್ಮ ಮನೆಯಲ್ಲಿ ಉಮ್ಮನ ಒಂದು ಹೊಲಿಗೆ ಯಂತ್ರವಿದೆ. ನನಗಿಂತ ಹಿರಿಯದು. ಅದರ ಬೆಲ್ಟು ಬದಲಾಗಿದೆ, ಸೂಜಿಗಳು ಲೆಕ್ಕವಿಲ್ಲದಷ್ಟು ಬದಲಾಗಿವೆ, ಪೇಟೆಯ ಯಾವ ರಿಪೇರಿಯವನೂ ಅದನ್ನು ಬಿಚ್ಚಿ ಎಣ್ಣೆ ಹಾಕಿ ಜೋಡಿಸಬಲ್ಲ. ಇನ್ನು ಮುಂದೆ ಹೊಲಿಯಕೂಡದು ಎಂದು ಅದನ್ನು ತಯಾರಿಸಿದವರು ಹೇಳಲಾರರು. ಹೇಳಿದರೂ ಯಂತ್ರ ಕೇಳುವುದಿಲ್ಲ. ಕಂಪ್ಯೂಟರ್ ಹಾಗೇಕೆ ಇಲ್ಲ? ಏಕೆಂದರೆ ನಾವು ದುಡ್ಡು ಕೊಟ್ಟು ಖರೀದಿಸಿದ್ದು ಯಂತ್ರವನ್ನು ಮಾತ್ರ. ಅದನ್ನು ನಡೆಸುವ ತಂತ್ರಾಂಶ ನಮ್ಮದಲ್ಲ. ಅದನ್ನು ಬಳಸುವ ಅನುಮತಿಯಷ್ಟೇ ನಮಗೆ ಸಿಕ್ಕಿರುವುದು. ಒಳಗೆ ಏನಿದೆ ಎಂದು ನೋಡುವ ಹಕ್ಕಿಲ್ಲ, ಬಿಚ್ಚಿ ಸರಿಪಡಿಸುವ ಹಕ್ಕಿಲ್ಲ, ನೆರೆಯವನಿಗೆ ಪ್ರತಿ ಮಾಡಿಕೊಡುವ ಹಕ್ಕಂತೂ ಇಲ್ಲವೇ ಇಲ್ಲ.

ಈ ಅನುಮತಿಯ ವ್ಯವಸ್ಥೆಯ ವಿರುದ್ಧ ಮೊದಲು ಗಟ್ಟಿಯಾಗಿ ಮಾತಾಡಿದವರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಪ್ರಮುಖರು. ಅವರನ್ನು ಕೆರಳಿಸಿದ್ದು ಒಂದು ಪ್ರಿಂಟರ್ ಎಂದರೆ ನಿಮಗೆ ಅಚ್ಚರಿಯಾಗಬಹುದು. 1980ರ ಸುಮಾರಿಗೆ ಅವರು ಕೆಲಸ ಮಾಡುತ್ತಿದ್ದ ಎಂಐಟಿಯ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಪದೇ ಪದೇ ಸಿಲುಕುತ್ತಿತ್ತು. ಸಿಲುಕಿದಾಗ ಎಲ್ಲರ ಪರದೆಗೂ ಸುದ್ದಿ ಹೋಗುವಂತೆ ತಂತ್ರಾಂಶವನ್ನು ತಿದ್ದೋಣ ಎಂದು ಅವರು ಹೊರಟರೆ, ಅದರ ಮೂಲ ಬರಹವನ್ನು ಕೊಡಲು ಇದ್ದವರು ಒಪ್ಪಲಿಲ್ಲ. 1983ರಲ್ಲಿ ಅವರು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಗಳ ಒಂದು ಸಮಗ್ರ ವ್ಯವಸ್ಥೆಯನ್ನು ಕಟ್ಟುವುದಾಗಿ ಪ್ರಕಟಿಸಿದರು. ಅದಕ್ಕೆ ಜಿಎನ್‌ಯು ಎಂದು ಹೆಸರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ 21ರ ಹರೆಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಮನೆಯ ಕಂಪ್ಯೂಟರ್‌ಗಾಗಿ ಒಂದು ಕರ್ನಲ್ ಬರೆದ. ಯಂತ್ರದ ಭಾಗಗಳಿಗೂ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಮೇಸ್ತ್ರಿಯೇ ಕರ್ನಲ್. ಮರುವರ್ಷ ಅವನು ಅದನ್ನು ಸ್ಟಾಲ್‌ಮನ್‌ರ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟ. ಇವೆರಡೂ ಸೇರಿದ್ದನ್ನೇ ನಾವಿಂದು ಲಿನಕ್ಸ್ ಎನ್ನುತ್ತೇವೆ. ಜಿಎನ್‌ಯುವನ್ನು ಬಿಟ್ಟು ಬರಿದೇ ಲಿನಕ್ಸ್ ಎಂದರೆ ಸ್ಟಾಲ್‌ಮನ್ ಒಪ್ಪುವುದಿಲ್ಲ. ಆ ತಕರಾರು ಇಂದಿಗೂ ಮುಗಿದಿಲ್ಲ, ಅದು ನಮಗೆ ಬೇಕಾಗಿಯೂ ಇಲ್ಲ.

ಇಲ್ಲೊಂದು ಅಹಿತಕರ ವಿಷಯವನ್ನು ಹೇಳಲೇಬೇಕಾಗಿದೆ. ನಮ್ಮ ಪಟ್ಟಣಗಳಲ್ಲಿ ಕಂಪ್ಯೂಟರ್ ನಿಧಾನವಾಯಿತೆಂದು ಅಂಗಡಿಗೆ ಒಯ್ದರೆ, ಕೆಲವು ನೂರು ರೂಪಾಯಿಗಳಿಗೆ ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲವನ್ನೂ ತುಂಬಿಸಿ ಕೊಡುವವರಿದ್ದಾರೆ. ಅದು ನಕಲಿ ಎಂಬುದು ಕೊಡುವವನಿಗೂ ಗೊತ್ತು, ಪಡೆಯುವವನಿಗೂ ಗೊತ್ತು. ಇದು ಹಲಾಲೋ ಹರಾಮೋ ಎಂದು ಹೇಳುವುದು ಉಲಮಾಗಳ ಕೆಲಸ, ನನ್ನದಲ್ಲ. ಆದರೆ ನೆರೆಮನೆಯ ಮಾವಿನ ಮರಕ್ಕೆ ಕಲ್ಲೆಸೆದ ಮಗನ ಕಿವಿ ಹಿಂಡುವ ನಾವು, ಅದೇ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕ್ರ್ಯಾಕ್ ಹಾಕಿಸುತ್ತೇವಲ್ಲ, ಅವನಿಗೆ ಕೊಡುವ ಪಾಠ ಯಾವುದು? ನೀತಿಯ ಮಾತು ಹಾಗಿರಲಿ, ಸುರಕ್ಷತೆಯ ಮಾತಾದರೂ ಬೇಡವೇ? ನಕಲಿ ಪ್ರತಿ ಹಾಕುವವನು ಸಿಕ್ಕಿಬೀಳಬಾರದೆಂದು ಎಷ್ಟೋ ಸಲ ಅಪ್‌ಡೇಟ್‌ಗಳನ್ನೇ ನಿಲ್ಲಿಸಿ ಕೊಡುತ್ತಾನೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಹಾವಳಿ ಸುಮಾರು 150 ದೇಶಗಳ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ಸ್ತಬ್ಧಗೊಂಡವು. ಕೇರಳದ ಕೆಲವು ಪಂಚಾಯತ್ ಕಚೇರಿಗಳೂ ತುತ್ತಾದವು. ವಿಷಾದವೆಂದರೆ, ಅದಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ ಬಿಡುಗಡೆ ಮಾಡಿತ್ತು. ಹೊಡೆತ ಬಿದ್ದದ್ದು ಮದ್ದು ಹಾಕಿಕೊಳ್ಳದ ಯಂತ್ರಗಳಿಗೆ.

ಇನ್ನು ದಿನನಿತ್ಯದ ಅನುಭವಕ್ಕೆ ಬರೋಣ.

ಲಿನಕ್ಸ್ ಒಂದೇ ಅಲ್ಲ, ಅದಕ್ಕೆ ನೂರಾರು ರೂಪಗಳಿವೆ. ಹೊಸಬರು ಎಡವುವುದು ಇಲ್ಲಿಯೇ. ಯಾವುದು ಒಳ್ಳೆಯದು ಎಂದು ಹತ್ತು ಮಂದಿಯನ್ನು ಕೇಳಿದರೆ ಹನ್ನೆರಡು ಉತ್ತರ ಸಿಗುತ್ತದೆ! 2004ರಲ್ಲಿ ದಕ್ಷಿಣ ಆಫ್ರಿಕಾ ಮೂಲದ ಉದ್ಯಮಿ ಮಾರ್ಕ್ ಶಟಲ್‌ವರ್ತ್ ಆರಂಭಿಸಿದ ಉಬುಂಟು ನಮ್ಮಲ್ಲಿ ಹೆಚ್ಚು ಪರಿಚಿತ. ಕೇಳಿದವರಿಗೆ ಜಗತ್ತಿನ ಯಾವ ಮೂಲೆಗಾದರೂ ಅವರು ಉಚಿತವಾಗಿ ಸಿಡಿ ಕಳುಹಿಸುತ್ತಿದ್ದ ಕಾಲವೊಂದಿತ್ತು. ಆ ಪದ್ಧತಿ 2011ರಲ್ಲಿ ನಿಂತಿತು. ಉಬುಂಟುವಿನ ಆಧಾರದಲ್ಲೇ ಬಂದ ಲಿನಕ್ಸ್ ಮಿಂಟ್‌ ವಿಂಡೋಸ್‌ನಿಂದ ಬರುವವರಿಗೆ ಸುಲಭ. ಕೆಳಗೆ ಎಡಬದಿಯಲ್ಲಿ ಮೆನು, ಬಲಬದಿಯಲ್ಲಿ ಗಡಿಯಾರ, ಕೈಗೆ ರೂಢಿಯಾದ ಜಾಗದಲ್ಲೇ ಎಲ್ಲವೂ ಇರುತ್ತದೆ. ಅದಕ್ಕೆ ಕನಿಷ್ಠ 2 ಜಿಬಿ ಮೆಮೊರಿ, ಆರಾಮವಾಗಿ ನಡೆಯಲು 4 ಜಿಬಿ ಬೇಕು. 2024ರಲ್ಲಿ ಬಂದ ಅದರ 22ನೇ ಆವೃತ್ತಿಯ ಸರಣಿಗೆ 2029ರ ತನಕ ಭದ್ರತಾ ತಿದ್ದುಪಡಿಗಳ ಭರವಸೆಯಿದೆ. ನಮ್ಮ ಮನೆಯಲ್ಲಿ 2012ರ ಕಾಲದ ಪ್ರೊಸೆಸರ್‌ನ ಡೆಸ್ಕ್‌ಟಾಪ್ ಒಂದರಲ್ಲಿ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದೇನೆ. ವಿಂಡೋಸ್ ಇದ್ದಾಗ ಅದನ್ನು ಚಾಲೂ ಮಾಡಿ ಚಹಾ ಕುಡಿದು ಬರಬಹುದಾಗಿತ್ತು. ಈಗ ಕುರ್ಚಿ ಎಳೆದು ಕುಳಿತುಕೊಳ್ಳುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಈ ಶ್ರೇಯಸ್ಸಿನಲ್ಲಿ ಎಸ್‌ಎಸ್‌ಡಿಯ ಪಾಲು ದೊಡ್ಡದು, ಎಲ್ಲವನ್ನೂ ಲಿನಕ್ಸ್‌ನ ಖಾತೆಗೆ ಹಾಕುವುದು ನ್ಯಾಯವಲ್ಲ. ಅಲ್ಲದೆ 4 ಜಿಬಿ ಮೆಮೊರಿಯಲ್ಲಿ ಬ್ರೌಸರಿನ ಹದಿನೈದು ಪುಟಗಳನ್ನು ಒಟ್ಟಿಗೆ ತೆರೆದರೆ ಲಿನಕ್ಸ್ ಕೂಡ ಏದುಸಿರು ಬಿಡುತ್ತದೆ.

ನನ್ನ ಉಮ್ಮನಿಗೆ ಲಿನಕ್ಸ್ ಎಂಬ ಹೆಸರೇ ಗೊತ್ತಿಲ್ಲ. ಫೈರ್‌ಫಾಕ್ಸ್‌ನ ಕೆಂಪು ನರಿಯ ಮೇಲೆ ಒತ್ತಿದರೆ ಕುರ್‌ಆನ್ ಪಾರಾಯಣ ಕೇಳಬಹುದು, ಮೊಮ್ಮಕ್ಕಳ ವೀಡಿಯೊ ನೋಡಬಹುದು ಎಂದು ಗೊತ್ತು. ಇಂದಿನ ಮನೆಯ ಕಂಪ್ಯೂಟರ್ ಕೆಲಸದಲ್ಲಿ ಬಹುಪಾಲು ಬ್ರೌಸರಿನೊಳಗೇ ಮುಗಿಯುತ್ತದೆ. ವಿದ್ಯಾರ್ಥಿವೇತನದ ಅರ್ಜಿ, ವಿದ್ಯುತ್ ಬಿಲ್ಲು, ರೈಲ್ವೆ ಟಿಕೆಟ್, ಪರೀಕ್ಷಾ ಫಲಿತಾಂಶ, ಬ್ಯಾಂಕು ಯಾವುದಕ್ಕೂ ಕೆಳಗಿರುವುದು ವಿಂಡೋಸೋ ಲಿನಕ್ಸೋ ಎಂಬ ಭೇದವಿಲ್ಲ. ಪತ್ರ, ಲೆಕ್ಕದ ಹಾಳೆ, ಸ್ಲೈಡ್‌ಗಳಿಗೆ ಲಿಬ್ರೆಆಫೀಸ್ ಇದೆ. ವಿಂಡೋಸ್‌ನ ವರ್ಡ್‌ನಲ್ಲಿ ಮಾಡಿದ ಕಡತ ಅದರಲ್ಲಿ ತೆರೆಯುತ್ತದೆ, ಆದರೆ ಕೋಷ್ಟಕಗಳು ಅಲ್ಲಲ್ಲಿ ಜರುಗುತ್ತವೆ. ಅದಕ್ಕೊಂದು ಕಾರಣ ಅಕ್ಷರಗಳು. ಕ್ಯಾಲಿಬ್ರಿ ಮುಂತಾದ ಫಾಂಟ್‌ಗಳು ಮೈಕ್ರೋಸಾಫ್ಟ್‌ನ ಸ್ವತ್ತು. ಅವುಗಳ ಜಾಗದಲ್ಲಿ ಅಷ್ಟೇ ಅಗಲದ ಕಾರ್ಲಿಟೊದಂತಹ ಮುಕ್ತ ಫಾಂಟ್‌ಗಳನ್ನು ಬಳಸಲಾಗುತ್ತದೆ. ಉದ್ಯೋಗಕ್ಕೆ ಬಯೋಡಾಟಾ ಕಳುಹಿಸುವ ಹುಡುಗರಿಗೆ ನನ್ನ ಸಲಹೆ ಇಷ್ಟು: ಪಿಡಿಎಫ್ ಮಾಡಿಯೇ ಕಳುಹಿಸಿ.

ನನ್ನ ವೃತ್ತಿಗೆ ಸಂಬಂಧಿಸಿದ್ದರಿಂದ ಕನ್ನಡ ಮತ್ತು ಉರ್ದುವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಲಿನಕ್ಸ್‌ನಲ್ಲಿ ಕನ್ನಡ ಬರುತ್ತದೆಯೇ ಎಂಬುದು ಎಲ್ಲರ ಮೊದಲ ಪ್ರಶ್ನೆ. ಬರುತ್ತದೆ, ಅದೂ ಚೆನ್ನಾಗಿ. ಕೀಲಿಮಣೆಯ ಸೆಟ್ಟಿಂಗ್ ತೆರೆದು ಭಾರತೀಯ ಭಾಷೆಗಳ ಪಟ್ಟಿಗೆ ಹೋದರೆ ಅಲ್ಲಿ ಕನ್ನಡವಿದೆ, ಜತೆಗೆ ಕಗಪ ವಿನ್ಯಾಸವೂ ಪ್ರತ್ಯೇಕವಾಗಿದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದು ಹೆಚ್ಚಿಲ್ಲ. ಅದೇ ಪಟ್ಟಿಯಲ್ಲಿ ಉರ್ದುವಿನ ಫೊನೆಟಿಕ್ ವಿನ್ಯಾಸವೂ ಇದೆ. ಎರಡನ್ನೂ ಸೇರಿಸಿಕೊಂಡರೆ ಕೀಲಿಯೊಂದನ್ನು ಒತ್ತಿ ಕನ್ನಡದಿಂದ ಉರ್ದುವಿಗೆ ದಾಟಬಹುದು. ಲಿಬ್ರೆಆಫೀಸ್‌ನ ಭಾಷಾ ಆಯ್ಕೆಗಳಲ್ಲಿ ಒಂದು ಗುರುತು ಹಾಕಿದರೆ ಬಲದಿಂದ ಎಡಕ್ಕೆ ಬರೆಯುವ ಗುಂಡಿ ಕಾಣಿಸಿಕೊಳ್ಳುತ್ತದೆ. ನಸ್ತಾಲೀಖ್ ಲಿಪಿಗಾಗಿ ಗೂಗಲ್‌ನ ನೋಟೊ ನಸ್ತಾಲೀಖ್ ಫಾಂಟ್ ಉಚಿತವಾಗಿದೆ.

ತೊಡಕು ಇರುವುದು ಹೊಸ ಬರವಣಿಗೆಯಲ್ಲಲ್ಲ, ಹಳೆಯ ಕಡತಗಳಲ್ಲಿ. ನಮ್ಮ ಸಂಘಟನೆಗಳ ವಾರ್ಷಿಕ ವರದಿಗಳು, ಜಮಾಅತ್ ಕಮಿಟಿಗಳ ನಡಾವಳಿಗಳು, ಸ್ಮರಣ ಸಂಚಿಕೆಗಳು ಬಹುಪಾಲು ನುಡಿಯ ಹಳೆಯ ಫಾಂಟ್‌ಗಳಲ್ಲಿವೆ. ಆ ಫಾಂಟ್‌ಗಳ ಒಳಗುಟ್ಟು ಏನೆಂದರೆ, ಅವು ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಸಂಖ್ಯೆಯ ಮೇಲೆ ಕನ್ನಡದ ಆಕಾರವನ್ನು ಕೂರಿಸುತ್ತವೆ. ಕಂಪ್ಯೂಟರಿನ ದೃಷ್ಟಿಯಲ್ಲಿ ಅದು ಕನ್ನಡವೇ ಅಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಫಾಂಟ್ ಕಡತವನ್ನು ಲಿನಕ್ಸ್‌ಗೂ ಹಾಕಿಕೊಂಡರೆ ಓದಲು ಅಡ್ಡಿಯಿಲ್ಲ. ಆದರೆ ಮುಂದೆಯೂ ಉಳಿಯಬೇಕಾದ ದಾಖಲೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಡುವುದೇ ಲೇಸು. ಅದಕ್ಕೆ ಉಚಿತ ಪರಿವರ್ತಕಗಳು ಲಭ್ಯವಿವೆ. ಪರಿವರ್ತನೆಯ ಬಳಿಕ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕಾಗುತ್ತದೆ. ಉರ್ದುವಿನ ಸ್ಥಿತಿ ಇನ್ನೂ ಕಷ್ಟದ್ದು. 1994ರಿಂದೀಚೆಗೆ ಉರ್ದು ಪತ್ರಿಕೆಗಳ ಪುಟಗಳು ಇನ್‌ಪೇಜ್ ಎಂಬ ತಂತ್ರಾಂಶದಲ್ಲಿ ಸಿದ್ಧವಾಗುತ್ತಾ ಬಂದಿವೆ. ಅದು ವಿಂಡೋಸ್‌ನದ್ದು. ನನಗೆ ಯಾರಾದರೂ ಇನ್‌ಪೇಜ್ ಕಡತ ಕಳುಹಿಸಿದರೆ ಪಿಡಿಎಫ್ ಅಥವಾ ಯೂನಿಕೋಡ್ ಪಠ್ಯ ಕಳುಹಿಸಿ ಎಂದು ಮರು ವಿನಂತಿ ಮಾಡುವುದೇ ನಾನು ಕಂಡುಕೊಂಡ ದಾರಿ. ಇದು ಲಿನಕ್ಸ್‌ನ ದೋಷವೆಂದು ಹೇಳುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಒಂದು ಸಮುದಾಯದ ದಶಕಗಳ ಬರವಣಿಗೆ ಒಂದು ತಂತ್ರಾಂಶದ ಬೀಗದೊಳಗೆ ಕುಳಿತಿದ್ದರೆ ತಪ್ಪು ಬೀಗದ್ದೇ ಹೊರತು ಹೊರಗೆ ನಿಂತವನದ್ದಲ್ಲ.

ಪ್ರಿಂಟರ್ ವಿಷಯದಲ್ಲಿ ಲಿನಕ್ಸ್ ಬಳಕೆದಾರನಿಗೆ ತಾಳ್ಮೆಯ ಪರೀಕ್ಷೆ ಇದೆ. ಎಚ್‌ಪಿಯಂತಹ ಕಂಪೆನಿಗಳು ಲಿನಕ್ಸ್‌ಗೆ ಬೇಕಾದ ಚಾಲಕ ತಂತ್ರಾಂಶವನ್ನು ತಾವೇ ಮುಕ್ತವಾಗಿ ನೀಡಿರುವುದರಿಂದ ಅವುಗಳ ಬಹುತೇಕ ಮಾದರಿಗಳು ತಂತಿ ಸಿಕ್ಕಿಸಿದ ಕೂಡಲೇ ನಡೆಯುತ್ತವೆ. ಆದರೆ ನಮ್ಮ ಪೇಟೆಗಳ ಜೆರಾಕ್ಸ್ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣಸಿಗುವ ಒಂದು ಲೇಸರ್ ಪ್ರಿಂಟರ್ ಇದೆ. ಹೆಸರು ಬೇಡ. ಅದನ್ನು ನನ್ನ ಕಂಪ್ಯೂಟರ್‌ಗೆ ಒಪ್ಪಿಸಲು ಎರಡು ಸಂಜೆಗಳು ಹಿಡಿದವು. ಒಪ್ಪಿದ ಮೇಲೂ ಅದು ಪ್ರತಿ ಮೂರನೇ ಹಾಳೆಗೆ ಮುನಿಸಿಕೊಳ್ಳುತ್ತಿತ್ತು. ಕೊನೆಗೆ ಅದನ್ನು ಬೇರೊಬ್ಬರಿಗೆ ಕೊಟ್ಟು ಬೇರೆ ಪ್ರಿಂಟರ್ ತಂದೆ. ಹೀಗಾಗಿ, ಪ್ರಿಂಟರ್ ಅಥವಾ ವೈಫೈ ಅಡಾಪ್ಟರ್ ಖರೀದಿಸುವ ಮುಂಚೆ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಕೇಳಿ ತಿಳಿಯಿರಿ. ಅಂಗಡಿಯವರು ನಡೆಯುತ್ತದೆ ಎಂದೇ ಹೇಳುತ್ತಾರೆ. ಅವರನ್ನಲ್ಲ, ಬಳಸಿದವರನ್ನು ಕೇಳಿ.

ನಡೆಯದೆ ಇರುವುದು ಇನ್ನೂ ಇದೆ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಕರೆತಂದರೆ ನೀವು ಎರಡೇ ವಾರದಲ್ಲಿ ಹಿಂದಿರುಗಿ ಹೋಗುತ್ತೀರಿ. ವ್ಯಾಪಾರಸ್ಥರು ಅವಲಂಬಿಸಿರುವ ಟ್ಯಾಲಿ ವಿಂಡೋಸ್‌ಗಾಗಿ ತಯಾರಾದದ್ದು. ಫೋಟೋಶಾಪ್, ಕೋರೆಲ್‌ಡ್ರಾಗಳ ಇಂದಿನ ಆವೃತ್ತಿಗಳು ಲಿನಕ್ಸ್‌ಗೆ ಲಭ್ಯವಿಲ್ಲ. ಗಿಂಪ್, ಇಂಕ್‌ಸ್ಕೇಪ್ ಸಮರ್ಥ ತಂತ್ರಾಂಶಗಳೇ ಆದರೂ ಫ್ಲೆಕ್ಸ್ ಮುದ್ರಿಸುವವನು ಕೋರೆಲ್ ಕಡತವನ್ನೇ ಕೇಳುತ್ತಾನೆ. ಕೆಲವು ಪ್ರವೇಶ ಪರೀಕ್ಷೆಗಳು, ಕಂಪೆನಿ ಸಂದರ್ಶನಗಳು ಮನೆಯಿಂದಲೇ ನಡೆಯುವಾಗ ನಿಗಾ ಇಡುವ ತಂತ್ರಾಂಶವೊಂದನ್ನು ಹಾಕಿಸುತ್ತವೆ, ಅದು ಅನೇಕ ಸಲ ವಿಂಡೋಸ್ ಇಲ್ಲದೆ ಚಲಿಸುವುದೇ ಇಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸಲು ವೈನ್ ಎಂಬ ಸಾಧನ 1993ರಿಂದಲೂ ಬೆಳೆಯುತ್ತಾ ಬಂದಿದೆ. ಕೆಲವನ್ನು ಚೆನ್ನಾಗಿ ನಡೆಸುತ್ತದೆ, ಕೆಲವು ತೆರೆದು ಮುಚ್ಚಿಕೊಳ್ಳುತ್ತವೆ. ಮನೆಯ ಹೊಟ್ಟೆಪಾಡು ಅದರ ಮೇಲೆ ನಿಂತಿದ್ದರೆ ಅದನ್ನು ನಂಬಿ ಕೂರಬೇಡಿ. ಟ್ಯಾಲಿ ಬೇಕಾದವರು ಪರವಾನಗಿ ಪಡೆದ ವಿಂಡೋಸನ್ನು ಒಂದು ಯಂತ್ರದಲ್ಲಿ ಇಟ್ಟುಕೊಳ್ಳುವುದೇ ಸರಿ. ಹುಡುಗರ ಆಟಗಳ ವಿಷಯ? 2018ರಲ್ಲಿ ಸ್ಟೀಮ್‌ನವರು ತಂದ ಪ್ರೋಟಾನ್‌ನಿಂದಾಗಿ ಸಾವಿರಾರು ವಿಂಡೋಸ್ ಆಟಗಳು ಲಿನಕ್ಸ್‌ನಲ್ಲೂ ನಡೆಯುತ್ತವೆ. ಗುಂಪಾಗಿ ಆಡುವ ಕೆಲವು ಪ್ರಸಿದ್ಧ ಆಟಗಳು ನಡೆಯುವುದಿಲ್ಲ. ಈ ಕೊನೆಯ ಸುದ್ದಿ ಕೇಳಿ ಹಿಂದಿನ ಸಾಲಿನ ತಾಯಂದಿರ ಮುಖ ಅರಳಿದ್ದನ್ನು ನಾನು ನೋಡಿದೆ!

ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪಿಸಬೇಕಂತೆ ಎಂಬ ಭಯ ಅನೇಕರಿಗಿದೆ. ಅದರ ಹೆಸರು ಟರ್ಮಿನಲ್. ಮನೆಬಳಕೆಗೆ ಅದರ ಅಗತ್ಯ ಬಹಳ ಕಡಿಮೆ. ಅಪ್‌ಡೇಟ್ ಬಂದರೆ ಕೆಳಗಿನ ಮೂಲೆಯಲ್ಲಿ ಒಂದು ಗುರುತು ಕಾಣಿಸುತ್ತದೆ, ಒತ್ತಿ ಗುಪ್ತಪದ ನೀಡಿದರೆ ಕಾರ್ಯಾಚರಣೆ ವ್ಯವಸ್ಥೆಯ ಜತೆ ಬ್ರೌಸರ್, ಆಫೀಸ್ ಎಲ್ಲವೂ ಒಟ್ಟಿಗೇ ನವೀಕರಣಗೊಳ್ಳುತ್ತವೆ. ಪಾಠದ ನಡುವೆ ಯಂತ್ರ ತಾನಾಗಿ ಮರುಚಾಲನೆಗೊಂಡು ಕೂರುವುದಿಲ್ಲ. ಇದೊಂದೇ ನೆಮ್ಮದಿಗಾಗಿ ನಾನು ಲಿನಕ್ಸ್‌ಗೆ ಋಣಿ. ಏನಾದರೂ ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಲು ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಸಾಧನವಿದೆ. ಆದರೆ ಅದು ವ್ಯವಸ್ಥೆಯನ್ನು ಮರಳಿಸುತ್ತದೆ, ನಿಮ್ಮ ಫೋಟೊಗಳನ್ನಲ್ಲ. ಹಾಗೆಯೇ, ಲಿನಕ್ಸ್ ಹಾಕಿದ ಮೇಲೆ ಮೋಸವೇ ಇಲ್ಲ ಎಂಬ ಭ್ರಮೆಯೂ ಬೇಡ. ಫೋನ್ ಮಾಡಿ ಓಟಿಪಿ ಕೇಳುವ ವಂಚಕನಿಗೆ ನಿಮ್ಮ ಮೇಜಿನ ಮೇಲೆ ಯಾವ ಯಂತ್ರವಿದ್ದರೂ ಒಂದೇ.

ಉಚಿತವಾಗಿ ಸಿಗುವುದನ್ನು ನಂಬುವುದು ಹೇಗೆ, ಯಾರು ಬೇಕಾದರೂ ತಿದ್ದಬಹುದಾದರೆ ಕಳ್ಳನೂ ತಿದ್ದಬಹುದಲ್ಲವೇ ಎಂದು ಹಿರಿಯರೊಬ್ಬರು ಸಭೆಗೆ ಮುನ್ನ ಕೇಳಿದರು. ನ್ಯಾಯವಾದ ಪ್ರಶ್ನೆ. ಕಳ್ಳ ಪ್ರಯತ್ನಿಸಿದ್ದೂ ಇದೆ. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶವೊಂದರಲ್ಲಿ ಸುಳ್ಳು ಹೆಸರಿನ ವ್ಯಕ್ತಿಯೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಸಭ್ಯನಂತೆ ಕೊಡುಗೆ ನೀಡಿ, ವಿಶ್ವಾಸ ಗಳಿಸಿ, ಬಳಿಕ ಹಿಂಬಾಗಿಲನ್ನು ಇರಿಸಿದ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ದೂರದಿಂದ ಕಂಪ್ಯೂಟರ್ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿದರು. ಏಕೆಂದು ಬೆನ್ನು ಹತ್ತಿ ಹೋದರು. ಮೂಲ ಬರಹ ಎಲ್ಲರಿಗೂ ತೆರೆದಿದ್ದುದರಿಂದ ಹಿಂಬಾಗಿಲನ್ನು ಪತ್ತೆ ಹಚ್ಚಿ ಜಗತ್ತಿಗೆ ಸಾರಿದರು. ಅವರು ಉದ್ಯೋಗದಲ್ಲಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ ಎಂಬುದು ಈ ಕಥೆಯ ಸ್ವಾರಸ್ಯ. ಆದರೆ ಇನ್ನೊಂದು ಮುಖವೂ ಇದೆ. ಜಗತ್ತೇ ಅವಲಂಬಿಸಿದ್ದ ಆ ತಂತ್ರಾಂಶವನ್ನು ಅಲ್ಲಿಯವರೆಗೆ ನೋಡಿಕೊಳ್ಳುತ್ತಿದ್ದದ್ದು ಸಂಬಳವಿಲ್ಲದ ಒಬ್ಬನೇ ಸ್ವಯಂಸೇವಕ. ದಣಿದವನ ಹೆಗಲಿನ ಭಾರವನ್ನು ಹಂಚಿಕೊಳ್ಳುವ ನೆಪದಲ್ಲೇ ಕಳ್ಳ ಒಳಗೆ ಬಂದ. ಉಚಿತವೆಂದು ಬಳಸುವ ನಾವೆಲ್ಲ ಆ ಸ್ವಯಂಸೇವಕರಿಗೆ ಏನನ್ನು ಮರಳಿಸಿದ್ದೇವೆ?

ಲಿನಕ್ಸ್ ಕಲಿತರೆ ಮಕ್ಕಳಿಗೆ ಕೆಲಸ ಸಿಗುತ್ತದೆಯೇ, ಎಲ್ಲ ಕಚೇರಿಗಳಲ್ಲೂ ವಿಂಡೋಸ್ ಇದೆಯಲ್ಲ ಎಂಬುದು ಇನ್ನೊಂದು ಆತಂಕ. ಕಚೇರಿಯ ಮೇಜಿನ ಮೇಲೆ ವಿಂಡೋಸ್ ಇರುವುದು ನಿಜ. ಆದರೆ ನಿಮ್ಮೆಲ್ಲರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಎಲ್ಲವೂ ಲಿನಕ್ಸೇ. ಬೆಂಗಳೂರಿನ ಕಂಪೆನಿಗಳಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಹೋಗುವ ಹುಡುಗನಿಗೆ ಸಂದರ್ಶನದಲ್ಲಿ ಕೇಳುವುದು ಇದನ್ನೇ.

ಮಂಗಳೂರಿನಿಂದ ತಲಪಾಡಿ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಸರಕಾರಿ ಶಾಲೆಯ ಮಗು ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತದೆ. ಕನ್ನಡ ಮಾಧ್ಯಮದ ಮಗುವೂ ಹಾಗೆಯೇ. ಕೇರಳವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಅದೇ ದಶಕದಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಎಸೆಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ. ಈಗ ಕೈಟ್ ಎಂಬ ಸರಕಾರಿ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಶಾಲೆಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೊಸ ಆವೃತ್ತಿಯನ್ನು ಹಾಕುವಾಗ, 2019ರಲ್ಲಿ, ಪರವಾನಗಿ ಶುಲ್ಕದಲ್ಲಿ ಸುಮಾರು 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಅದು ಲೆಕ್ಕ ಹೇಳಿತ್ತು. ಹಣದ ಮಾತಿಗಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಶಾಲೆಯಲ್ಲಿ ಬಳಸಿದ ಅದೇ ತಂತ್ರಾಂಶವನ್ನು ಆ ಮಗು ಪೆನ್‌ಡ್ರೈವ್‌ನಲ್ಲಿ ಮನೆಗೆ ತಂದು ಹಳೆಯ ಕಂಪ್ಯೂಟರ್‌ಗೆ ಹಾಕಿಕೊಳ್ಳಬಹುದು, ಗೆಳೆಯನಿಗೂ ಕೊಡಬಹುದು. ಯಾವ ಕಾನೂನೂ ಮುರಿಯುವುದಿಲ್ಲ. ನಮ್ಮ ಸಮುದಾಯ ನಡೆಸುವ ಶಾಲೆಗಳು ಎಷ್ಟಿವೆ? ಅವುಗಳ ಲ್ಯಾಬ್‌ಗಳಲ್ಲಿ ಧೂಳು ಹಿಡಿದಿರುವ ಕಂಪ್ಯೂಟರ್‌ಗಳು ಎಷ್ಟು? ಆಡಳಿತ ಮಂಡಳಿಗಳ ಸದಸ್ಯರು ಮುಂದಿನ ಸಾಲಿನಲ್ಲೇ ಕುಳಿತಿರುವುದರಿಂದ ಇದನ್ನು ಹೆಚ್ಚು ಬೆಳೆಸುವುದಿಲ್ಲ. ಹೊಸ ಲ್ಯಾಬ್‌ಗೆ ದಾನಿಗಳನ್ನು ಹುಡುಕುವ ಮುಂಚೆ ಹಳೆಯದರ ಬಾಗಿಲು ತೆರೆದು ಎಣಿಸಿ ನೋಡಿ ಎಂದಷ್ಟೇ ವಿನಂತಿ. ಅದನ್ನು ನಡೆಸಲು ಲಿನಕ್ಸ್ ಬಲ್ಲ ಒಬ್ಬ ಶಿಕ್ಷಕ ಬೇಕಾಗುತ್ತದೆ, ಅವರಿಗೆ ತರಬೇತಿಯೂ ಸಮಯವೂ ಬೇಕಾಗುತ್ತದೆ. ತಂತ್ರಾಂಶ ಪುಕ್ಕಟೆ ಎಂದ ಮಾತ್ರಕ್ಕೆ ಶಿಕ್ಷಕನ ದುಡಿಮೆಯೂ ಪುಕ್ಕಟೆಯಾಗಬಾರದು.

ಕೊನೆಯದಾಗಿ, ಹೇಗೆ ಆರಂಭಿಸುವುದು? ಏನನ್ನೂ ಅಳಿಸದೆ ಆರಂಭಿಸಬಹುದು. ಲಿನಕ್ಸನ್ನು ಪೆನ್‌ಡ್ರೈವ್‌ನಲ್ಲಿಟ್ಟು, ಕಂಪ್ಯೂಟರ್ ಚಾಲೂ ಆಗುವಾಗ ಬೂಟ್ ಮೆನುವಿನಲ್ಲಿ ಅದನ್ನು ಆಯ್ದುಕೊಂಡರೆ, ಒಳಗಿನ ಡಿಸ್ಕನ್ನು ಮುಟ್ಟದೆಯೇ ಅದು ನಡೆಯುತ್ತದೆ. ಸ್ವಲ್ಪ ನಿಧಾನವಿರುತ್ತದೆ. ಆದರೆ ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ನಿಮ್ಮ ಪ್ರಿಂಟರ್ ಒಪ್ಪುತ್ತದೆಯೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಒಪ್ಪಿಗೆಯಾದರೆ ವಿಂಡೋಸ್‌ನ ಪಕ್ಕದಲ್ಲೇ ಅದಕ್ಕೊಂದು ಜಾಗ ಮಾಡಿಕೊಡಬಹುದು, ಇಲ್ಲವೇ ಪೂರ್ತಿಯಾಗಿ ಬದಲಾಯಿಸಬಹುದು. ಒಪ್ಪಿಗೆಯಾಗದಿದ್ದರೆ ಪೆನ್‌ಡ್ರೈವ್ ಕಿತ್ತುಕೊಂಡು ಹಳೆಯ ದಾರಿಯಲ್ಲಿ ಮುಂದುವರಿಯಿರಿ.

ಸಭಾಂಗಣದ ಹಿಂಬದಿಯಲ್ಲಿ, ಬಾಗಿಲ ಪಕ್ಕದ ಮೇಜಿನ ಮೇಲೆ ಎರಡು ಹಳೆಯ ಲ್ಯಾಪ್‌ಟಾಪ್‌ಗಳನ್ನೂ ನಾಲ್ಕು ಪೆನ್‌ಡ್ರೈವ್‌ಗಳನ್ನೂ ಇಡಲಾಗಿದೆ. ಕಾಲೇಜಿನ ಮೂವರು ವಿದ್ಯಾರ್ಥಿನಿಯರು ಅಲ್ಲಿದ್ದಾರೆ. ಈ ವಿಷಯದಲ್ಲಿ ಅವರಿಗೆ ನನಗಿಂತ ಹೆಚ್ಚು ಗೊತ್ತು. ಲ್ಯಾಪ್‌ಟಾಪ್ ತಂದವರು ಚಾರ್ಜರನ್ನೂ ಜತೆಗೆ ತೆಗೆದುಕೊಂಡು ಹೋಗಿ. ಪರೀಕ್ಷಿಸಿ ನೋಡುವುದನ್ನು ಇಂದೇ ಮಾಡಿಕೊಡುತ್ತಾರೆ. ಇನ್‌ಸ್ಟಾಲ್ ಮಾಡಿಸಬೇಕೆಂದಿರುವವರು ಮಾತ್ರ ಫೋಟೊ, ಕಡತಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಪ್ರತಿ ಮಾಡಿಕೊಂಡು ಮುಂದಿನ ಭಾನುವಾರ ಬನ್ನಿ. ಪ್ರತಿ ಮಾಡಿಕೊಳ್ಳದೆ ಬಂದವರ ಯಂತ್ರವನ್ನು ಮುಟ್ಟುವುದಿಲ್ಲ ಎಂದು ಅವರು ಈಗಾಗಲೇ ನನಗೆ ಖಡಾಖಂಡಿತವಾಗಿ ತಿಳಿಸಿದ್ದಾರೆ.